ಓದಿಗೆ ಮುಂಚೆ ಒಂದು ಬೀದಿ

ನಮ್ಮ ಮನೆಯಲ್ಲಿ ಯಾರು ಏನು ಓದಬೇಕು ಎಂಬ ಮಾತು ಕೊನೆಗೆ ನನ್ನ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೆ ನನ್ನ ವಿದ್ವತ್ತು ಕಾರಣವಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ನಾನು ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕನಾಗಿದ್ದೆ. ಮೊದಲು ಯಳಂದೂರು, ಆಮೇಲೆ ಹನೂರು, ನಿವೃತ್ತಿಯ ಹೊತ್ತಿಗೆ ಕೊಳ್ಳೇಗಾಲ. ಪ್ರತಿ ಬೇಸಿಗೆಯಲ್ಲೂ ಹುಡುಗರನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಯಾವ ಕಾಲೇಜು, ಯಾವ ಕೋರ್ಸು, ಯಾವ ಬಸ್ಸು ಎಂದು ತೀರ್ಮಾನಿಸಿ ಕಳಿಸುತ್ತಿದ್ದೆ. ಬೇರೆಯವರ ಮಕ್ಕಳಿಗೆ ಮಾಡಿದ ಕೆಲಸ ಸ್ವಂತ ಮೊಮ್ಮಗಳಿಗೆ ಬಂದಾಗ ಅಷ್ಟು ಸಲೀಸಾಗಲಿಲ್ಲ.

ಮೊಮ್ಮಗಳು ಪಿಯುಸಿ ಮುಗಿಸಿ, ಸೀಟಿನ ಪರೀಕ್ಷೆ ಬರೆದು, ಎರಡು ಕಡೆ ಸೀಟು ಸಿಗುವ ಹಾಗೆ ಅಂಕ ತೆಗೆದಿದ್ದಳು. ಒಂದು ಕೃಷಿ ಪದವಿ. ಇನ್ನೊಂದು ನಾವು ಯಾರೂ ಕೇಳಿರದ ಓದು. ಮೈಸೂರಿನ ಕಾಲೇಜಿನವರು ಅದಕ್ಕೆ ಇಟ್ಟ ಹೆಸರು ಉದ್ದವಾಗಿತ್ತು. ಸಮುದಾಯ, ಪರಿಸರ, ನಗರ ಯೋಜನೆ ಎಲ್ಲವೂ ಅದರೊಳಗೆ ಬರುತ್ತಿತ್ತು. ಊರು ಹೇಗೆ ಬೆಳೆಯಬೇಕು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು, ಬಸ್ಸು ಎಲ್ಲಿ ನಿಲ್ಲಬೇಕು, ಬಡವರ ಮನೆ ಎಲ್ಲಿರಬೇಕು ಎಂಬುದನ್ನೆಲ್ಲ ಕಲಿಸುವ ಪದವಿ. ಅವಳಿಗೆ ಬೇಕಾಗಿದ್ದುದು ಇದೇ. ಅವಳ ಅಪ್ಪನಿಗೆ, ಅಂದರೆ ನನ್ನ ಮಗನಿಗೆ, ಬೇಕಾಗಿದ್ದುದು ಕೃಷಿ. ಅವನದು ಹನೂರಿನ ಮುಖ್ಯರಸ್ತೆಯಲ್ಲಿ ಗೊಬ್ಬರ, ಬೀಜ, ಔಷಧಿಯ ಅಂಗಡಿ. ಮಗಳು ಕೃಷಿ ಓದಿ ಬಂದರೆ ಅಂಗಡಿಗೂ ಒಂದು ಬಲ ಎಂದು ಅವನ ಲೆಕ್ಕ. ತಪ್ಪು ಲೆಕ್ಕವೇನೂ ಅಲ್ಲ. ಆದರೆ ವಾರದೊಳಗೆ ಎರಡರಲ್ಲಿ ಒಂದನ್ನು ಒಪ್ಪಿಕೊಂಡು ತಿಳಿಸಬೇಕಿತ್ತು. ಒಮ್ಮೆ ಬಿಟ್ಟ ಸೀಟು ಮತ್ತೆ ಸಿಗುವುದಿಲ್ಲ.

ನಾನು ಮೊದಲು ಮಾಡಿದ ಕೆಲಸ ಅವಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದು. ಕಣ್ಣಲ್ಲಿ ನೋಡದ ಕಾಲೇಜಿಗೆ ನಾನು ಯಾವ ಹುಡುಗನನ್ನೂ ಕಳಿಸಿದವನಲ್ಲ. ಅಲ್ಲಿ ಒಬ್ಬ ಅಧ್ಯಾಪಕಿ ನಮ್ಮನ್ನು ಕೂರಿಸಿ ವಿವರವಾಗಿ ಹೇಳಿದರು. ಮೊದಲು ನಕ್ಷೆ ಬರೆಯುವುದು, ಅಳತೆ, ಅಂಕಿಅಂಶ. ಆಮೇಲೆ ಮಣ್ಣು, ನೀರು, ಕಾನೂನು, ಸಾರಿಗೆ. ಪ್ರತಿ ವರ್ಷವೂ ಒಂದು ಊರಿಗೋ ಬಡಾವಣೆಗೋ ಹೋಗಿ ಮನೆಮನೆ ವಿಚಾರಿಸಿ ವರದಿ ಮಾಡುವುದು. ನಾನು ಗೋಡೆಗಳನ್ನೂ ಹಾಸ್ಟೆಲಿನ ಅಡುಗೆಮನೆಯನ್ನೂ ನೋಡಿ, ಕೊನೆಗೆ ಯಾವ ಮಕ್ಕಳಿಗೆ ಈ ಓದು ಕಷ್ಟವಾಗುತ್ತದೆ ಎಂದು ಕೇಳಿದೆ.

"ನಕ್ಷೆ ಬರೆಯೋದನ್ನ ನಾವು ಕಲಿಸ್ತೀವಿ ಸರ್. ಜನರ ಹತ್ತಿರ ಹೋಗಿ ಕೂತು ಮಾತಾಡೋಕೆ ಸಂಕೋಚ ಇದ್ದವರಿಗೆ ಮೊದಲ ವರ್ಷವೇ ಕಷ್ಟ ಆಗುತ್ತೆ" ಎಂದರು.

ಆ ಮಾತನ್ನು ನಾನು ಮನೆಗೆ ಬಂದು ಹಾಗೆಯೇ ಒಪ್ಪಿಸಿದೆ. ಮಗ ಅದನ್ನೇ ಹಿಡಿದುಕೊಂಡ.

"ಅಂದ್ರೆ ನಾಲ್ಕು ವರ್ಷ ಬೀದಿ ಬೀದಿ ಅಲೆಯೋದು. ಕಂಡೋರ ಮನೆ ಬಾಗಿಲಿಗೆ ಹೋಗಿ ನಿಮ್ಮನೇಲಿ ಕಕ್ಕಸು ಐತಾ ಅಂತ ಕೇಳೋದು. ಇದಕ್ಕೆ ಡಿಗ್ರಿ ಬೇರೆ."

"ಅಪ್ಪ, ಕೇಳೋದು ಹೇಗೆ ಅನ್ನೋದೇ ಓದು" ಎಂದಳು ಮೊಮ್ಮಗಳು.

"ಸರಿ ಕಣವ್ವ. ದೊಡ್ಡ ಊರು ಬ್ಯಾಡ. ನಮ್ಮಂಗಡಿ ಹಿಂದೆ ಒಂದು ಬೀದಿ ಐತಲ್ಲ, ಅದೊಂದನ್ನೇ ಮಾಡಿ ತೋರ್ಸು. ಆ ಬೀದಿಯೋರು ಊರಲ್ಲಿ ಬೇರೆ ಜಾಗವೇ ಇಲ್ದಂಗೆ ನಮ್ಮ ಗೋಡೆಗೇ ತಂದು ಕಸ ಸುರೀತಾರೆ. ಯಾಕೆ ಅಂತ ತಿಳ್ಕೊಂಡು ಬಾ. ತಿಳಿದ್ರೆ ಓದು. ಇಲ್ಲದಿದ್ರೆ ಸುಮ್ನೆ ಕೃಷಿಗೆ ಸೇರ್ಕೋ."

ಅವನು ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ, ನಾನು ಅದನ್ನು ನಿಜವೆಂದೇ ತೆಗೆದುಕೊಂಡೆ. ಬಾಯಲ್ಲಿ ಬಂದ ಷರತ್ತು ಷರತ್ತೇ. "ಒಪ್ಪಿಗೆ" ಎಂದು ನಾನೇ ಹೇಳಿಬಿಟ್ಟೆ.

ಆ ಗೋಡೆಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯ ಹಿಂಬಾಗಿಲು ತೆರೆಯುವುದು ಒಂದು ಕಿರಿದಾದ ಬೀದಿಗೆ. ಅಲ್ಲಿರುವವರು ಹೆಚ್ಚಿನಂಶ ಕೂಲಿಯವರು. ಕೆಲವು ಮನೆಗಳಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ತಮಿಳು, ಜಗಳ ಬಂದರೆ ಎರಡೂ. ಮಗ ಮೊದಲು 'ಇಲ್ಲಿ ಕಸ ಹಾಕಬಾರದು' ಎಂದು ಬರೆಸಿದ. ಬರಹದ ಕೆಳಗೇ ಕಸ ಬಿತ್ತು. ಆಮೇಲೆ ದೇವರ ಚಿತ್ರದ ಟೈಲ್ಸ್ ಅಂಟಿಸಿದ. ಹುಲಿಯ ಮೇಲೆ ಕೂತ ಮಾದಪ್ಪ ನಡುವೆ, ಪಕ್ಕದಲ್ಲಿ ಶಿಲುಬೆ, ಇನ್ನೊಂದು ಪಕ್ಕದಲ್ಲಿ ಮಸೀದಿ. ಜನ ದೇವರಿಗೆ ಮರ್ಯಾದೆ ಕೊಟ್ಟರು. ಟೈಲ್ಸ್ ಮುಗಿಯುವಲ್ಲಿಂದ ಒಂದು ಮಾರು ಆಚೆ ಸುರಿಯತೊಡಗಿದರು. ಇನ್ನಷ್ಟು ದೇವರನ್ನು ಅಂಟಿಸಲು ಮಗನಿಗೆ ಗೋಡೆ ಸಾಲಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಮತ್ತು ಮೊಮ್ಮಗಳು ನಮ್ಮ ಮನೆಯಿರುವ ಕೊಳ್ಳೇಗಾಲದಿಂದ ಹನೂರಿನ ಬಸ್ಸು ಹತ್ತಿದೆವು. ನಾನು ಹೋಗಬೇಕಿರಲಿಲ್ಲ. ಆದರೆ ಹುಡುಗಿ ಒಬ್ಬಳನ್ನೇ ಗುರುತಿಲ್ಲದ ಮನೆಗಳಿಗೆ ಕಳಿಸಲು ಮನಸ್ಸು ಬರಲಿಲ್ಲ. ಅದೂ ಅಲ್ಲದೆ ಆ ಊರಿನಲ್ಲಿ ಕೆಲಸ ಮಾಡಿದವನು, ನನ್ನ ಮಾತಿಗೆ ಬೆಲೆಯಿದೆ ಎಂಬ ಭರವಸೆಯಿತ್ತು. ಚೀಲದಲ್ಲಿ ನೀರಿನ ಬಾಟಲಿ, ಫ್ಲಾಸ್ಕಿನಲ್ಲಿ ಮಜ್ಜಿಗೆ, ಡಬ್ಬಿಯಲ್ಲಿ ಅವಲಕ್ಕಿ ಇಟ್ಟುಕೊಂಡಿದ್ದೆ. ಇದು ನನ್ನ ಕ್ರಮ. ನಾನು ಓದಿದ್ದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಏಳುವುದು, ಮೀಯುವುದು, ವಿಭೂತಿ ಧರಿಸಿ ಪ್ರಾರ್ಥನೆಗೆ ನಿಲ್ಲುವುದು, ಉಣ್ಣುವುದು ಎಲ್ಲವೂ ಗಂಟೆಯ ಮೇಲೆ. ಗಂಟೆ ಬಾರಿಸದೆ ಬಾಯಿಗೆ ಏನೂ ಹೋಗಕೂಡದು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ನೆಂಟರ ಮದುವೆಮನೆಯಲ್ಲಿಯೂ ನಾನು ಹೊತ್ತಲ್ಲದ ಹೊತ್ತಿನಲ್ಲಿ ಕಾಫಿ ಮುಟ್ಟುವುದಿಲ್ಲ.

ಬೀದಿಯ ಮೊದಲ ಮನೆಯ ಹೆಂಗಸು ನಮ್ಮನ್ನು ನೋಡಿ ಜಗಲಿ ಗುಡಿಸಿ ಚಾಪೆ ಹಾಸಿದಳು. ಅಂಗಡಿಯವರ ತಂದೆ ಎಂದು ತಿಳಿದಾಗ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ, ಸ್ಟೀಲ್ ಚೊಂಬಿನಲ್ಲಿ ನೀರು, ಎರಡು ಲೋಟದಲ್ಲಿ ಟೀ ತಂದಳು. ಮೊಮ್ಮಗಳು ಕೈ ಚಾಚಿದ್ದಳು. ಅಷ್ಟರಲ್ಲಿ ನಾನು, "ಬೇಡಮ್ಮ, ನಮ್ಮದು ನಾವು ತಂದಿದ್ದೀವಿ" ಎಂದು ಚೀಲ ತೋರಿಸಿದೆ. ಮೊಮ್ಮಗಳ ಕೈ ಹಿಂದಕ್ಕೆ ಬಂತು.

ಹೆಂಗಸು ಒಂದು ಕ್ಷಣ ಚೀಲವನ್ನೇ ನೋಡಿ, ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು. ಹೊರಗೆ ಬಂದಾಗ ಚಾಪೆಯ ಮೇಲೆ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಕಸ ಎಲ್ಲಿ ಹಾಕ್ತೀರಮ್ಮ?" ಎಂದು ಮೊಮ್ಮಗಳು ಕೇಳಿದಳು.

"ನಮ್ಮನೇಲಿ ಕಸವೇ ಇಲ್ಲ ಕಣವ್ವ."

ಮುಂದಿನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಅಲ್ಲಿ ಯಾರೂ ನೀರೂ ಕೊಡಲಿಲ್ಲ, ಚಾಪೆಯೂ ಹಾಕಲಿಲ್ಲ. ಏನು ಕೇಳಿದರೂ, "ಎಲ್ಲ ಸಂದಾಗದೆ ಸಾ." ನೀರು ಬರ್ತದಾ? "ಬತ್ತದೆ ಸಾ." ಚರಂಡಿ? "ಅದೆ ಸಾ." ಗೋಡೆ ಹತ್ತಿರ ಕಸ ಯಾರು ಹಾಕ್ತಾರೆ?

"ಯಾರ್ ಆಕ್ತಾರೋ ಕಾಣ್ನಲ್ಲ ಸಾ. ಗಾಳಿಗೆ ಬತ್ತದೇನೋ" ಎಂದಳು ಒಬ್ಬ ಮುದುಕಿ. ಅವಳ ಹಿಂದೆ ಒಳಗಿದ್ದವರು ನಕ್ಕ ಸದ್ದು ಕೇಳಿಸಿತು.

ಬಿಸಿಲೇರುವವರೆಗೂ ಬೀದಿಯ ಈ ತುದಿಯಿಂದ ಆ ತುದಿಗೆ ಹೋದೆವು. ಮೊಮ್ಮಗಳು ಬೀದಿಯ ನಕ್ಷೆಯೊಂದನ್ನು ಚೆನ್ನಾಗಿಯೇ ಬರೆದುಕೊಂಡಳು. ಆದರೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಮಜ್ಜಿಗೆ ಕೊಟ್ಟರೆ ಬೇಡವೆಂದು ತಲೆಯಾಡಿಸಿದಳು.

ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ, "ಏನು ಕಂಡುಹಿಡಿದ್ರಿ?" ಎಂದ.

"ಗಾಳಿಗೆ ಬರ್ತದಂತೆ" ಎಂದೆ ನಾನು.

ಅವನು ಗಟ್ಟಿಯಾಗಿ ನಕ್ಕ. "ಇದನ್ನ ತಿಳ್ಕೊಳ್ಳೋಕೆ ಮೈಸೂರಿನಲ್ಲಿ ನಾಲ್ಕು ವರ್ಷ ಬೇಕಾ ಅಪ್ಪಾಜಿ?"

ಮೊಮ್ಮಗಳು ಎದ್ದು ಅಡುಗೆಮನೆಗೆ ಹೋದಳು. ತಾಯಿ ಮಗಳು ಒಳಗೆ ಏನೋ ಮಾತಾಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರಿಗೆ ನಿಂತಳು. ಅವಳು ಯಳಂದೂರು ಕಡೆಯ ಹೊನ್ನೂರಿನವಳು. ಭತ್ತ, ಕಬ್ಬು, ತೆಂಗು ಇರುವ ಮನೆಯಲ್ಲಿ ಹತ್ತಾಳಿಗೆ ಬಡಿಸುತ್ತ ಬೆಳೆದವಳು. ನನ್ನ ಎದುರು ಹೆಚ್ಚು ಮಾತಾಡುವವಳಲ್ಲ.

"ಮಾವ, ತಪ್ಪು ತಿಳ್ಕಬ್ಯಾಡಿ. ಅವರು ಕೊಟ್ಟ ಟೀ ನೀವು ಕುಡೀಲಿಲ್ವಂತೆ."

"ನಾನು ಎಲ್ಲೂ ಕುಡಿಯೋದಿಲ್ಲ. ನಿನಗೆ ಗೊತ್ತಿಲ್ವಾ? ನಿನ್ನ ತವರಿನಲ್ಲೇ ಕುಡಿದಿಲ್ಲ."

"ನನ್ಗೆ ಗೊತ್ತು ಮಾವ. ನಿಮ್ಮ ನೇಮ ಈ ಮನೆಗೆಲ್ಲ ಗೊತ್ತು. ಆ ಬೀದಿಗೇನು ಗೊತ್ತು? ಅವರಿಗೆ ಕಾಣೋದು ನಿಮ್ಮ ಹಣೆ ಮೇಲಿನ ವಿಭೂತಿ. ಆಮೇಲೆ ಚೀಲದಲ್ಲಿರೋ ನೀರು. ನಮ್ಮೂರಲ್ಲಿ ದೊಡ್ಡ ಬೀದಿಯೋರು ಆಚೆ ಬೀದಿಗೆ ಹೋಗಿ ನೀರು ಬೇಡ ಅಂದ್ರೆ, ಬಾಯಾರಿಲ್ಲ ಅಂತ ಯಾರೂ ತಿಳ್ಕೊಳ್ಳಲ್ಲ."

ನನಗೆ ಸಿಟ್ಟು ಬಂತು. ಜಾತಿ ನೋಡಿ ಊಟ ಬಡಿಸಿದವನಲ್ಲ ನಾನು. ನನ್ನ ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಅದನ್ನು ಹೇಳಲು ಬಾಯಿ ತೆರೆದೆ. ಆದರೆ ಹೇಳುವುದಾದರೆ ಆ ಬೀದಿಯಲ್ಲಿ ಮನೆಮನೆಗೆ ಹೋಗಿ ಹೇಳಬೇಕಿತ್ತು. ಸೊಸೆಗೆ ಹೇಳಿ ಏನು ಬಂತು? ಲೋಟವನ್ನು ಒಳಗೆ ಒಯ್ದ ಹೆಂಗಸಿನ ಮುಖ ನೆನಪಾಯಿತು.

"ನಾಳೆ ನೀನೊಬ್ಬಳೇ ಹೋಗು" ಎಂದು ಮೊಮ್ಮಗಳಿಗೆ ಹೇಳಿದೆ.

"ಒಬ್ಬಳೇ ಹೋದ್ರೆ ತಾತ ಮುನಿಸ್ಕೊಂಡ್ರು ಅಂತಾರೆ. ನೀವೂ ಬನ್ನಿ. ಚೀಲ ಬೇಡ" ಎಂದಳು.

ಮಾರನೆಯ ದಿನ ಬರಿಗೈಯಲ್ಲಿ ಹೋದೆವು. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲೆ ಚೀಲವಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದೇ ಮೊದಲ ಮನೆ. ಆ ಹೆಂಗಸು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದ ಮನೆಯವಳು ತಲೆ ಬಾಚಿಕೊಳ್ಳುತ್ತ ಕೂತಿದ್ದಳು. ಅವತ್ತು ಇಬ್ಬರೂ ಕೂಲಿಗೆ ಹೋಗಿರಲಿಲ್ಲ.

"ಏನ್ ಸಾ, ಇವತ್ತು ಬ್ಯಾಗ್ ಕಾಣ್ನಲ್ಲ?"

"ಮನೇಲೇ ಬಿಟ್ಟು ಬಂದೆ. ಟೀ ಇದ್ರೆ ಕೊಡವ್ವ" ಎಂದೆ.

ಅವಳ ಕೈ ಅವರೆಕಾಯಿಯ ಮೇಲೆ ನಿಂತಿತು. "ನಮ್ಮನೆ ಟೀನಾ? ಸಕ್ಕರೆ ಜಾಸ್ತಿ ಆಕ್ತೀವಿ. ಕುಡೀತೀರಾ?"

"ಕುಡೀತೀನಿ."

ಪಕ್ಕದ ಮನೆಯವಳು ತಮಿಳಿನಲ್ಲಿ ಏನೋ ಹೇಳಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಏನಂತೆ?" ಎಂದೆ.

"ಅಯ್ನೋರು ಕುಡುದ್ರೆ ಮದ್ಯಾನ್ಕೇ ಮಳೆ ಉಯ್ತದೆ, ಒಣಾಕಿರೋ ಬಟ್ಟೆ ತಕಳನಾ ಅಂತ ಕೇಳ್ತಾವ್ಳೆ ಸಾ!"

ನನಗೂ ನಗು ಬಂತು. ಟೀ ಬಂತು. ಸಕ್ಕರೆ ನಿಜವಾಗಿಯೂ ಜಾಸ್ತಿ. ಆ ಹೊತ್ತಿನಲ್ಲಿ ಹೊಟ್ಟೆಗೆ ಏನೂ ಕೊಟ್ಟು ಗೊತ್ತಿಲ್ಲದ ನಾನು ಕೊನೆಯ ಗುಟುಕಿನವರೆಗೂ ಕುಡಿದೆ. ಲೋಟ ಕೆಳಗಿಟ್ಟಾಗ ಆ ಹೆಂಗಸು ಚಾಪೆಯ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಮೊಮ್ಮಗಳು ಅವರೆಕಾಯಿಯ ರಾಶಿಗೆ ಕೈ ಹಾಕಿ ಬಿಡಿಸತೊಡಗಿದ್ದಳು. ಕಸದ ಮಾತನ್ನು ಅವಳು ತೆಗೆಯಲೇ ಇಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ, ಯಾವ ಕಡೆ ಕೆಲಸ, ಯಾರ ಗಾಡಿ ಬರ್ತದೆ ಎಂದು ಕೇಳಿದಳು. ಅವರು ಹೇಳುತ್ತ ಹೋದರು. ಜೋಳದ ಹೊಲ, ಅರಿಸಿನದ ಹೊಲ, ಕರೆದೊಯ್ಯಲು ಬರುವ ಲಗೇಜ್ ಆಟೋ, ತಡವಾದರೆ ಬಿಟ್ಟು ಹೋಗುವ ಮೇಸ್ತ್ರಿ. ಎದುರು ಮನೆಯ ಮುದುಕಿಯೂ, ಗಾಳಿಯ ಮಾತು ಹೇಳಿದವಳು, ಬಂದು ಕೂತಳು.

"ಹಾಗಾದ್ರೆ ಕಸದ ಆಟೋ ಬರೋ ಹೊತ್ತಿಗೆ ನೀವು ಮನೇಲಿರಲ್ವಾ?" ಎಂದಳು ಮೊಮ್ಮಗಳು.

"ಇರ್ತೀವಿ. ಅದು ಬರಬೇಕಲ್ಲ!"

"ಹನೂರಿಗೆಲ್ಲ ಬರ್ತದಂತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯೋಳ್ಬುಡು" ಎಂದಳು ಮುದುಕಿ. "ಟೀ ಕುಡುದವ್ರೆ. ಇನ್ನೇನು."

"ನಿಮ್ಮ ಮಗನ ಲಾರಿ ಸಾ" ಎಂದಳು ಮನೆಯಾಕೆ, ನನ್ನ ಕಡೆ ನೋಡದೆ. "ಗೊಬ್ಬರದ ಲಾರಿ. ಬೆಳಗಾನೆ ಬಂದು ಬೀದಿ ಬಾಯ್ಗೆ ಅಡ್ಡ ನಿಂತ್ಕತದೆ. ಅಮಾಲ್ರು ಮೂಟೆ ಇಳ್ಸೋಗಂಟ ಅಲ್ಲಾಡಲ್ಲ. ಕಸದ ಆಟೋ ಒಳೀಕೆ ಎಂಗ್ ಬಂದಾದು? ಅದ್ರ ಪಾಡಿಗದು ಹಾಡು ಆಕಂಡು ಮುಂದ್ಕೋಯ್ತದೆ. ನಾವು ಬಕೀಟು ಇಡ್ಕಂಡು ಓಡುದ್ರೂ ಸಿಕ್ಕಲ್ಲ. ಕಸನ ಮನೇಲಿ ಮಡೀಕಂಡು ಪೂಜೆ ಮಾಡನಾ?"

"ಮತ್ತೆ ಆ ಗೋಡೆಗೇ ಯಾಕೆ?" ಎಂದೆ.

"ಅಡ್ಡ ನಿಂತಿರೋರು ಯಾರೋ ಅವರ ಗೋಡೆಗೆ!" ಎಂದಳು ಮುದುಕಿ. ಇಡೀ ಜಗಲಿ ನಕ್ಕಿತು. ಮೊಮ್ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ನನಗೆ ನಗು ಬರಲಿಲ್ಲ. ಉತ್ತರ ಸಿಕ್ಕಿತ್ತು, ಆದರೆ ಎಂಥ ಉತ್ತರ! ಮಗಳು ಹೋಗಿ ಅಪ್ಪನಿಗೆ, ನಿನ್ನ ಗೋಡೆಯ ಕಸಕ್ಕೆ ನಿನ್ನ ಲಾರಿಯೇ ಕಾರಣ ಎಂದರೆ ಅವನು ಈ ಓದಿಗೆ ಅವಳನ್ನು ಮನೆಯ ಹೊಸ್ತಿಲು ದಾಟಿಸುತ್ತಾನೆಯೇ? ನನ್ನ ಮಗ ಒಳ್ಳೆಯವನು. ಆದರೆ ನಾಲ್ಕು ಜನರ ಮುಂದೆ ತನ್ನದೇ ತಪ್ಪು ಎಂದು ಕೇಳಿದರೆ ಎರಡು ದಿನ ಊಟದ ಮಾತೂ ಆಡದವನು. ಬಸ್ ನಿಲ್ದಾಣಕ್ಕೆ ನಡೆಯುತ್ತ ಮೊಮ್ಮಗಳಿಗೆ ಬುದ್ಧಿ ಹೇಳಿದೆ.

"ಆಟೋ ಬರೋದಿಲ್ಲ, ಅದಕ್ಕೇ ಕಸ ಹಾಕ್ತಾರೆ ಅಂತ ಹೇಳು. ಅದೂ ನಿಜವೇ. ಲಾರಿಯ ಮಾತು ಸೀಟು ಒಪ್ಪಿಕೊಂಡ ಮೇಲೆ ನೋಡಿಕೊಳ್ಳೋಣ."

"ಅಪ್ಪ ಆಟೋದವರ ಮೇಲೆ ಜಗಳಕ್ಕೆ ಹೋಗ್ತಾರೆ ತಾತ. ಕಸ ಅಲ್ಲೇ ಇರ್ತದೆ. ಆಗ ನಾನು ಕಂಡುಹಿಡಿದಿದ್ದೇನು?" ಎಂದಳು.

ಅವಳು ನೇರ ಬಸ್ ನಿಲ್ದಾಣಕ್ಕೆ ಬರಲಿಲ್ಲ. ತಿರುಗಿ ಅಂಗಡಿಯ ಹಿಂಬಾಗಿಲಿಗೆ ಹೋಗಿ, ಮೂಟೆ ಇಳಿಸುವ ಹಮಾಲರ ಜೊತೆ ಮಾತಾಡಿ ಬಂದಳು. ಏನೆಂದು ಕೇಳಿದರೆ, "ಅಪ್ಪನ ಮುಂದೆ ಹೇಳ್ತೀನಿ" ಎಂದಷ್ಟೇ ಹೇಳಿದಳು.

ಊಟಕ್ಕೆ ಕೂತಾಗ ಅವಳು ಎಲ್ಲವನ್ನೂ ಹೇಳಿದಳು. ಮುದುಕಿಯ ಮಾತೊಂದನ್ನು ಮಾತ್ರ ಬಿಟ್ಟಳು. ಮಗನ ಕೈ ಅನ್ನದ ಮೇಲೆ ನಿಂತಿತು.

"ನನ್ನ ಲಾರಿಯಾ?"

"ಹೂಂ ಅಪ್ಪ."

"ಲಾರಿ ಎಲ್ಲಿ ನಿಲ್ಲಿಸ್ಬೇಕು ಮತ್ತೆ? ಮೇನ್ ರೋಡಲ್ಲಿ ಮಾದಪ್ಪನ ಬೆಟ್ಟದ ಬಸ್ಸುಗಳು ಬಿಡ್ತಾವಾ? ಬಿಸಿಲಾದ್ರೆ ಹಮಾಲರು ಮೂಟೆ ಮುಟ್ಟಲ್ಲ. ನಿಂಗೇನು ಗೊತ್ತು ವ್ಯಾಪಾರ?"

"ಮೂಟೆ ಬೇರೆ ಕಡೆ ಇಳಿಸಬೇಕಾಗಿಲ್ಲ. ಕಸದ ಆಟೋ ಒಳಗೆ ಹೋಗಿ ಬರೋವರೆಗೂ ಪೆಟ್ರೋಲ್ ಬಂಕ್ ಹತ್ತಿರ ಕಾದರೆ ಸಾಕು. ಹಮಾಲರನ್ನ ಕೇಳಿದೆ. ಅಷ್ಟು ಹೊತ್ತು ಸಿಕ್ಕಿದ್ರೆ ತಿಂಡಿ ತಿಂದ್ಕೊಂಡು ಬರ್ತೀವಿ, ಈಗ ಹಸಿದ ಹೊಟ್ಟೇಲಿ ಹೊರ್ತಾ ಇದ್ದೀವಿ ಅಂದ್ರು."

ಮಗ ಮಜ್ಜಿಗೆ ಅನ್ನ ಹಾಕಿಸಿಕೊಳ್ಳದೆ ಎದ್ದ. ಸೊಸೆ ನನ್ನನ್ನು ನೋಡಿದಳು, ನಾನು ಸೊಸೆಯನ್ನು ನೋಡಿದೆ. ಮೊಮ್ಮಗಳು ಮಾತ್ರ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು. ಸೀಟು ತಿಳಿಸಲು ಇನ್ನು ಒಂದೇ ದಿನ ಉಳಿದಿತ್ತು. ಕೃಷಿ ಓದಿಗೆ ಅವಳನ್ನು ಹೇಗೆ ಒಪ್ಪಿಸುವುದೆಂದು ನಾನು ಆಗಲೇ ಯೋಚಿಸಲು ಶುರುಮಾಡಿದ್ದೆ. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಸಿದ್ಧವಾಗಿಡುವುದು ನನ್ನ ಉದ್ಯೋಗದ ಅಭ್ಯಾಸ. ಆದರೆ ಈ ಸಲ ಯೋಚನೆ ಮುಂದೆ ಹೋಗಲಿಲ್ಲ. ಆ ಜಗಲಿಯ ಮೇಲೆ ಅವಳು ಕೂತಿದ್ದ ರೀತಿಯನ್ನು ನಾನು ನೋಡಿದ್ದೆ.

ಬೆಳಿಗ್ಗೆ ನಾನು ಪೂಜೆ ಮುಗಿಸಿ ಬರುವಷ್ಟರಲ್ಲಿ ಮಗ ಬೈಕ್ ತೆಗೆದುಕೊಂಡು ಹೊರಟುಬಿಟ್ಟಿದ್ದ. ಎಂದೂ ಅಷ್ಟು ಬೇಗ ಹೋಗುವವನಲ್ಲ. ಮಧ್ಯಾಹ್ನ ಕಳೆದರೂ ಫೋನಿಲ್ಲ. ಮೊಮ್ಮಗಳು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಪ್ಪನ ಮಾತಿಲ್ಲದೆ ಯಾವುದನ್ನೂ ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದಳು. ಸಂಜೆಗೆ ಮುಂಚೆಯೇ ಬೈಕಿನ ಸದ್ದು ಕೇಳಿಸಿತು.

"ಆಟೋ ಒಳಗೆ ಹೋಯ್ತು" ಎಂದ ಮಗ, ಹೆಲ್ಮೆಟ್ ತೆಗೆಯುತ್ತ. "ಲಾರೀನ ಬಂಕ್ ಹತ್ರ ನಿಲ್ಸಿ, ನಾನೇ ಒಳಗೆ ಬಿಡಿಸ್ದೆ. ಹೆಂಗಸರೆಲ್ಲ ಬಕೆಟ್ ತಂದು ಹಾಕಿದ್ರು. ಒಬ್ಬ ಮುದುಕಿ ನನ್ನ ನೋಡಿ ನಕ್ಕುಬಿಟ್ಟು ಹೋಯ್ತು. ಯಾಕೋ ಗೊತ್ತಾಗ್ಲಿಲ್ಲ."

ಮೊಮ್ಮಗಳು ನಗು ತಡೆಯಲು ಮುಖ ತಿರುಗಿಸಿಕೊಂಡಳು.

"ಆದ್ರೂ ಆ ಕೊನೇ ಮೂರ್ನಾಲ್ಕು ಮನೆಯೋರು ಬಂದು ಗೋಡೆಗೇ ಸುರಿದ್ರು. ಅದಕ್ಕೇನು ಹೇಳ್ತೀಯ?"

"ಆ ಮನೆಗಳಲ್ಲಿ ನಾವಿನ್ನೂ ಕೂತಿಲ್ಲ ಅಪ್ಪ."

ಮಗ ಜಗಲಿಯ ಮೇಲೆ ಕೂತು ಬೂಟು ಬಿಚ್ಚತೊಡಗಿದ. ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದವನು ಅಲ್ಲಿಯೇ ನಿಲ್ಲಿಸಿ, "ಮೈಸೂರಿನ ಸೀಟಿಗೇ ಬಟನ್ ಒತ್ತು. ಮತ್ತೆ ಟೈಮ್ ಮುಗೀತು ಅಂದ್ಬಿಟ್ಟೀಯ" ಎಂದ.

ಅವಳು ಒತ್ತಿದಳು. ನೆಟ್‌ವರ್ಕ್ ಹೋಗಿ ಬಂದು, ಪರದೆ ಸುತ್ತಿ ಸುತ್ತಿ, ಕೊನೆಗೆ ಆಯಿತೆಂದು ತೋರಿಸಿತು. ಸೊಸೆ ಒಳಗಿನಿಂದ ಕೇಳಿಸಿಕೊಂಡಿರಬೇಕು, ಪಾತ್ರೆಯ ಸದ್ದು ನಿಂತಿತು. ನೂರಾರು ಹುಡುಗರ ಸೀಟಿಗೆ ಓಡಾಡಿದ ನಾನು ಮೊಬೈಲನ್ನು ಕೈಗೆ ತೆಗೆದುಕೊಂಡು ಅದನ್ನು ಎರಡು ಸಲ ಓದಿದೆ.

ಕಾಲೇಜಿಗೆ ಸೇರಿಸಲು ನಾನು ಹೋಗಲಿಲ್ಲ. ಮಗ ಅಂಗಡಿಗೆ ಬೀಗ ಹಾಕಿ ತಾನೇ ಹೋದ. ನಾನು ಏನೇನು ಕೇಳಬೇಕೆಂದು ಹೇಳಹೊರಟರೆ, "ನೀವು ಸುಮ್ನಿರಿ ಅಪ್ಪಾಜಿ, ನಾನು ಕೇಳ್ತೀನಿ" ಎಂದ. ಸಂಜೆ ಮೈಸೂರಿನಿಂದ ಫೋನ್ ಬಂತು. ಹಿಂದೆ ಬಸ್ಸುಗಳ ಹಾರನ್ ಸದ್ದು, ಮೊಮ್ಮಗಳ ನಗು.

"ಸೇರಿಸಿದ್ದಾಯ್ತು. ಮೊದಲ ತಿಂಗಳಿಂದಲೇ ಬಿಸಿಲಲ್ಲಿ ನಡೆಸ್ತಾರಂತೆ" ಎಂದು ಮಗ ಹೇಳುತ್ತಿದ್ದ. "ಒಳ್ಳೆ ಬೂಟು ಕೊಡಿಸ್ದೆ, ಒಂದು ಹ್ಯಾಟೂ ಕೊಡಿಸ್ದೆ. ಹ್ಯಾಟು ಬ್ಯಾಡ ಅಂತಾಳೆ. ಅಂಗಡಿಯೋನ ಹತ್ರ ನಿಂತು, ಈ ಫುಟ್‌ಪಾತ್ ಮೇಲೆ ಸಾಮಾನು ಯಾಕೆ ಇಟ್ಟಿದ್ದೀರಿ ಅಂತ ವಿಚಾರಿಸ್ತಾ ಇದ್ದಾಳೆ. ಆ ಯಪ್ಪ ಆಗ್ಲೇ ಕುರ್ಚಿ ಹಾಕಿ ಟೀ ತರಿಸವ್ನೆ. ನಾವಿಬ್ರೂ ಕೊನೇ ಬಸ್ಸಿಗೆ ಬರೋದು ಅಪ್ಪಾಜಿ, ಊಟಕ್ಕೆ ಕಾಯಬ್ಯಾಡಿ."